ಟೆನಿಸ್ ಎಲ್ಬೋ ಇಂಜೆಕ್ಷನ್: ಚುಚ್ಚಿಸಿಕೊಳ್ಳುವ ಮುಂಚೆ ಇಷ್ಟು ತಿಳಿದಿರಲಿ

ಮೊದಲೇ ಹೇಳಿಬಿಡುತ್ತೇನೆ. ಟೆನಿಸ್ ಎಲ್ಬೋಗೆ, ಅಂದರೆ ಮೊಣಕೈಯ ಹೊರಗಡೆ ಬರುವ ನೋವಿಗೆ, ಹಾಕುವ ಸ್ಟೆರಾಯ್ಡ್ ಇಂಜೆಕ್ಷನ್ ಕೆಲಸ ಮಾಡುತ್ತದೆ. ಕೆಲವೇ ದಿನದಲ್ಲಿ ನೋವು ಇಳಿಯುತ್ತದೆ, ಒಂದು ತಿಂಗಳು ಒಂದೂವರೆ ತಿಂಗಳು ಕೈ ಹಗುರವಾಗಿರುತ್ತದೆ. ಆಮೇಲೆ ಬಹಳ ಜನಕ್ಕೆ ನೋವು ವಾಪಸ್ ಬರುತ್ತದೆ. ಅಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ವರ್ಷದ ಕೊನೆಗೆ ನೋಡಿದರೆ ಇಂಜೆಕ್ಷನ್ ಹಾಕಿಸಿಕೊಂಡವರು, ಏನೂ ಮಾಡಿಸದೆ ಸುಮ್ನೆ ಇದ್ದವರಿಗಿಂತ ಹಿಂದೆ ಬಿದ್ದಿರುತ್ತಾರೆ. ಈ ಮಾತನ್ನು ಸೂಜಿ ಚುಚ್ಚುವ ಮುಂಚೆ ನನಗೆ ಯಾರೂ ಹೇಳಲಿಲ್ಲ. ಅಡಿಕೆ ಸುಲಿತದ ಕಾಲಕ್ಕೆ ನಮ್ಮ ಕಡೆಯಿಂದ ಎಷ್ಟು ಜನ ಮೊಣಕೈ ಹಿಡಿದುಕೊಂಡು ಶಿವಮೊಗ್ಗದ ಬಸ್ ಹತ್ತುತ್ತಾರೆ ಅಂತ ನೋಡುತ್ತಲೇ ಇದ್ದೇನೆ. ಅವರ ಕಣ್ಣಿಗೆ ಇದು ಬೀಳಲಿ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಕೊನೆ, ಅಂದರೆ ಅಡಿಕೆ ಗೊಂಚಲು, ತೆಗೆದ ಮೇಲೆ ಸುಲಿತ ಶುರು. ಸುಲಿಯುವ ಮಷೀನು ಬಂದಿದೆ, ಆದರೂ ಕೈಸುಲಿತ ಪೂರ್ತಿ ನಿಂತಿಲ್ಲ. ಕೈಯಲ್ಲಿ ಸುಲಿಯುವುದನ್ನು ನೋಡಿದವರಿಗೆ ಗೊತ್ತು. ಮೆಟ್ಟುಗತ್ತಿಯ ಮೇಲೆ ಕೂತು, ಹಸಿ ಕಾಯಿಯನ್ನು ಬಿಗಿಯಾಗಿ ಹಿಡಿದು ಕತ್ತಿಯ ಮೊನೆಗೆ ಒತ್ತಬೇಕು, ಮಣಿಕಟ್ಟು ತಿರುಗಿಸಿ ಸಿಪ್ಪೆ ಎಬ್ಬಿಸಬೇಕು, ಮತ್ತೆ ಒತ್ತಬೇಕು, ಮತ್ತೆ ತಿರುಗಿಸಬೇಕು. ಒಂದು ಕಾಯಿ ಮುಗಿಯುವಷ್ಟರಲ್ಲಿ ಇನ್ನೊಂದು ಕೈಯಲ್ಲಿರುತ್ತದೆ. ಸಂಜೆಯಿಂದ ನಡುರಾತ್ರಿಯವರೆಗೆ ಹೀಗೇ. ಟೆನಿಸ್ ರಾಕೆಟ್ಟನ್ನು ಜೀವಮಾನದಲ್ಲಿ ಮುಟ್ಟದವರಿಗೂ ಟೆನಿಸ್ ಎಲ್ಬೋ ಬರುವುದು ಹೀಗೆ. ಬಂದವರಲ್ಲಿ ಆಟಗಾರರಿಗಿಂತ ಕೂಲಿಯವರು, ಟೈಲರ್‌ಗಳು, ಅಡುಗೆಯವರು, ಬಡಗಿಗಳು, ಹಾಲು ಕರೆಯುವವರೇ ಜಾಸ್ತಿ. ವಯಸ್ಸು ಹೆಚ್ಚಾಗಿ ಮೂವತ್ತೈದು ದಾಟಿದ್ದು, ಐವತ್ತೈದರೊಳಗಿನದು.

ಲಕ್ಷಣ ತುಂಬಾ ಸರಳ. ಮೊಣಕೈಯ ಹೊರಗಡೆ ಒಂದು ಮೂಳೆಯ ಉಬ್ಬು ಇದೆ, ಮುಟ್ಟಿ ನೋಡಿ. ಅಲ್ಲೇ ಸ್ವಲ್ಪ ಮುಂದಕ್ಕೆ ಒತ್ತಿದರೆ ಜೀವ ಹೋಗುತ್ತದೆ. ಕಾಫಿ ಲೋಟ ಎತ್ತುವಾಗ, ಬೀಗದ ಕೈ ತಿರುಗಿಸುವಾಗ, ಬಟ್ಟೆ ಹಿಂಡುವಾಗ, ಬೈಕಿನ ಕ್ಲಚ್ ಹಿಡಿಯುವಾಗ ಸೆಳೆತ ಮುಂಗೈವರೆಗೂ ಓಡುತ್ತದೆ. ನನಗೆ ಬಿಂದಿಗೆ ಎತ್ತಲು ಆಗುತ್ತಿರಲಿಲ್ಲ, ಆದರೆ ಅದೇ ಭಾರದ ಚೀಲವನ್ನು ಅಂಗೈ ಮೇಲೆ ಮಾಡಿ ಎತ್ತಿದರೆ ಅಷ್ಟು ನೋವಿರಲಿಲ್ಲ. ಇದು ಟೆನಿಸ್ ಎಲ್ಬೋದ ಒಳ್ಳೆ ಗುರುತು.

ಮೊದಲು ಹೋಗಿದ್ದು ಶಿವಮೊಗ್ಗದ ಒಂದು ಮೂಳೆ ಕ್ಲಿನಿಕ್‌ಗೆ. ಹೆಸರು ಬೇಡ. ಹೊರಗೆ ಬೆಂಚು ತುಂಬಿತ್ತು, ಒಳಗೆ ಹೋದ ಮೇಲೆ ಎಲ್ಲಾ ಬೇಗ ಬೇಗ ಮುಗಿಯಿತು. ಡಾಕ್ಟ್ರು ಆ ಜಾಗ ಒತ್ತಿದರು, ಮುಷ್ಟಿ ಹಿಡಿದು ಮಣಿಕಟ್ಟನ್ನು ಮೇಲೆತ್ತಲು ಹೇಳಿ ತಾವು ಕೆಳಕ್ಕೆ ಅದುಮಿದರು, ನಾನು ಹಲ್ಲು ಕಚ್ಚಿದೆ. ಅಷ್ಟರಲ್ಲೇ ಕಾಯಿಲೆ ಗೊತ್ತಾಯಿತು. ಅದರಲ್ಲಿ ತಪ್ಪೇನಿಲ್ಲ, ಈ ಕಾಯಿಲೆಯನ್ನು ಹಾಗೇ ಕಂಡುಹಿಡಿಯುವುದು, ಎಂಆರ್‌ಐ ಎಲ್ಲಾ ಶುರುವಿನಲ್ಲೇ ಬೇಕಾಗಿಲ್ಲ. "ಒಂದು ಇಂಜೆಕ್ಷನ್ ಹಾಕಿಬಿಡೋಣ, ಸರಿಹೋಗುತ್ತೆ" ಅಂದರು. ನಾನು ಹೂಂ ಅಂದೆ. ಮನೆಯಲ್ಲಿ ಕೊನೆ ರಾಶಿ ಬಿದ್ದಿತ್ತು, ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ, ಬೇಗ ಸರಿಹೋಗಲಿ ಅನ್ನುವುದು ಬಿಟ್ಟು ಬೇರೆ ಯೋಚನೆ ಇರಲಿಲ್ಲ.

ಸಿರಿಂಜಿನಲ್ಲಿ ಎರಡು ಔಷಧಿ ಇರುತ್ತದೆ. ಒಂದು ಲಿಗ್ನೋಕೇನ್, ನೀರಿನಷ್ಟು ತಿಳಿ, ಜಾಗವನ್ನು ಮರಗಟ್ಟಿಸಲು. ಇನ್ನೊಂದು ಸ್ಟೆರಾಯ್ಡ್, ಹೆಚ್ಚಾಗಿ ಟ್ರಯಾಮ್ಸಿನೊಲೋನ್ ಇಲ್ಲವೇ ಮಿಥೈಲ್‌ಪ್ರೆಡ್ನಿಸೊಲೋನ್. ಇದು ಬೆಳ್ಳಗೆ ಮಬ್ಬಾಗಿರುತ್ತದೆ. ಸಣ್ಣ ಹರಳುಗಳು ತೇಲುತ್ತಿರುತ್ತವೆ, ಅದಕ್ಕೇ ಹಾಕುವ ಮುಂಚೆ ಬಾಟಲಿ ಅಲುಗಾಡಿಸುತ್ತಾರೆ. ಆ ಹರಳು ನಿಧಾನವಾಗಿ ಕರಗುವುದರಿಂದಲೇ ಪರಿಣಾಮ ವಾರಗಟ್ಟಲೆ ಇರುತ್ತದೆ. ಸೂಜಿ ಒಳಗೆ ಹೋಗುವಾಗ ಚೆನ್ನಾಗಿಯೇ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಅಲ್ಲೇ ನೋವು ಮಾಯ. ಆದರೆ ಆ ಮಾಯ ಆಗಿದ್ದು ಲಿಗ್ನೋಕೇನ್‌ನಿಂದ, ಕೆಲವು ಗಂಟೆ ಮಾತ್ರ. ರಾತ್ರಿ ನೋವು ಮೊದಲಿಗಿಂತ ಜೋರಾಗಿ ಬಂತು. ಇದು ಕೆಲವರಿಗೆ ಆಗುವುದುಂಟಂತೆ, ಒಂದೆರಡು ದಿನದಲ್ಲಿ ಇಳಿಯುತ್ತದೆ, ಐಸ್ ಇಟ್ಟುಕೊಂಡರೆ ಸಾಕು. ಇದನ್ನೂ ಮೊದಲೇ ಹೇಳಿದ್ದರೆ ಮನೆಯವರೆಲ್ಲಾ ಗಾಬರಿಯಾಗುವುದು ತಪ್ಪುತ್ತಿತ್ತು.

ಆಮೇಲಿನ ದಿನಗಳು ನಿಜಕ್ಕೂ ಚೆನ್ನಾಗಿದ್ದವು. ಕೈಯಲ್ಲಿ ನೋವೇ ಇಲ್ಲ. ಮೆಟ್ಟುಗತ್ತಿಗೆ ವಾಪಸ್ ಕೂತೆ. ಡಾಕ್ಟ್ರು ಕೆಲಸ ಮಾಡಬೇಡಿ ಅಂತ ಹೇಳಿರಲಿಲ್ಲ, ವ್ಯಾಯಾಮ ಅಂತೂ ಸುದ್ದಿಯೇ ಇರಲಿಲ್ಲ. ಸುಲಿತ ಮುಗಿಯುವ ಹೊತ್ತಿಗೆ ನೋವು ಮೆಲ್ಲಗೆ ಶುರುವಾಯಿತು, ಶಿವರಾತ್ರಿ ಹೊತ್ತಿಗೆ ಮೊದಲಿಗಿಂತ ಜಾಸ್ತಿಯಾಗಿತ್ತು. ಅದೇ ಕ್ಲಿನಿಕ್‌ಗೆ ಹೋದರೆ "ಇನ್ನೊಂದು ಹಾಕೋಣ" ಅಂದರು. ಯಾಕೆ ವಾಪಸ್ ಬಂತು ಅಂತ ಕೇಳಿದೆ. "ಕೆಲವರಿಗೆ ಹಾಗೇ" ಅನ್ನುವುದು ಉತ್ತರ. ನನಗೆ ಬೇಜಾರಾಗಿದ್ದು ನೋವಿಗಿಂತ ಆ ಉತ್ತರಕ್ಕೆ. ಎರಡನೇದು ಹಾಕಿಸಿಕೊಳ್ಳಲಿಲ್ಲ. ಪರಿಚಯದವರು ಹೇಳಿದರು ಅಂತ ಇನ್ನೊಬ್ಬ ಮೂಳೆ ಡಾಕ್ಟ್ರ ಹತ್ತಿರ ಹೋದೆ.

ಅವರು ಕೂರಿಸಿಕೊಂಡು ಹೇಳಿದ್ದು ಹೀಗೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈಯ ಆ ಉಬ್ಬಿನಿಂದ ಹೊರಡುತ್ತವೆ. ಅದರಲ್ಲಿ ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಅನ್ನುವ ಒಂದು ಸ್ನಾಯುವಿನ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ, ಏಟು ಬೀಳುವುದು ಜಾಸ್ತಿ. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗಲೆಲ್ಲಾ ಮಣಿಕಟ್ಟು ಮಡಚಿಕೊಳ್ಳದೆ ಇರಲಿ ಅಂತ ಇದು ಎಳೆದು ಹಿಡಿಯುತ್ತದೆ. ವರ್ಷಗಟ್ಟಲೆ ಎಳೆದೂ ಎಳೆದೂ ಅದು ಹಳೇ ಹಗ್ಗ ಎಳೆ ಬಿಟ್ಟ ಹಾಗೆ ಆಗುತ್ತದೆ. ಮೊದಲೆಲ್ಲಾ ಇದು ಬರೀ ಉರಿಯೂತ ಅಂದುಕೊಂಡಿದ್ದರು. ರಾಬರ್ಟ್ ನಿರ್ಷೆಲ್ ಅನ್ನುವ ಅಮೆರಿಕದ ಸರ್ಜನ್ ಆಪರೇಷನ್‌ನಲ್ಲಿ ತೆಗೆದ ಚೂರುಗಳನ್ನು ಪರೀಕ್ಷೆ ಮಾಡಿಸಿ 1979ರಲ್ಲಿ ಬರೆದರು. ಅಲ್ಲಿ ಕಂಡಿದ್ದು ಅಡ್ಡಾದಿಡ್ಡಿ ಆದ ನಾರುಗಳು, ಬೇಡದ ಜಾಗದಲ್ಲಿ ಬೆಳೆದ ಸಣ್ಣ ರಕ್ತನಾಳಗಳು. ಉರಿಯೂತದ ಕಣಗಳು ಕಂಡಿದ್ದು ತೀರಾ ಕಡಿಮೆ. ಅಂದರೆ ಸವೆದ ಟೆಂಡನ್ ಸರಿಯಾಗಿ ರಿಪೇರಿ ಆಗದೆ ಉಳಿದ ಕಾಯಿಲೆ ಇದು. ಸ್ಟೆರಾಯ್ಡ್ ನೋವು ಕಡಿಮೆ ಮಾಡುತ್ತದೆ, ರಿಪೇರಿ ಮಾಡುವುದಿಲ್ಲ. ಟೆಂಡನ್‌ನ ಜೀವಕೋಶಗಳ ಕೆಲಸವನ್ನು ಅದು ನಿಧಾನ ಮಾಡುತ್ತದೆ ಅನ್ನುವುದಕ್ಕೂ ಲ್ಯಾಬ್‌ನಲ್ಲಿ ಆಧಾರ ಸಿಕ್ಕಿದೆ.

"ಇನ್ನೊಂದು ಹಾಕಿದರೆ ಒಂದೂವರೆ ತಿಂಗಳು ನೀವು ನನ್ನನ್ನು ಹೊಗಳುತ್ತೀರಿ, ಆಮೇಲೆ ಬೈತೀರಿ" ಅಂದರು ಆ ಡಾಕ್ಟ್ರು.

ಅವರ ಮಾತು ಕೇಳಿ ಬಂದ ಮೇಲೆ ನಾನು ಓದಲು ಶುರು ಮಾಡಿದೆ. ಇದರ ಮೇಲೆ ಎಷ್ಟು ಸಂಶೋಧನೆ ಆಗಿದೆ ಅಂದರೆ ಆಶ್ಚರ್ಯ ಆಗುತ್ತದೆ. ಮುಖ್ಯವಾದದ್ದು 2002ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ನೆದರ್ಲೆಂಡ್ಸ್‌ನ ಅಧ್ಯಯನ. 185 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಟೆರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಕಾದು ನೋಡುವುದು, ಬೇಕಾದರೆ ನೋವಿನ ಮಾತ್ರೆ. ಆರು ವಾರಕ್ಕೆ ನೋಡಿದರೆ ಇಂಜೆಕ್ಷನ್‌ನವರಲ್ಲಿ 92% ಜನ ಚೆನ್ನಾಗಿದ್ದರು. ಫಿಸಿಯೋದವರಲ್ಲಿ 47%, ಕಾದವರಲ್ಲಿ 32%. ಇಷ್ಟು ನೋಡಿದರೆ ಯಾರಾದರೂ ಇಂಜೆಕ್ಷನ್ನೇ ಹಾಕಿಸಿಕೊಳ್ಳುತ್ತಾರೆ, ಅಲ್ವಾ? ಒಂದು ವರ್ಷಕ್ಕೆ ಅದೇ ಜನರನ್ನು ಮತ್ತೆ ನೋಡಿದರು. ಇಂಜೆಕ್ಷನ್‌ನವರು 69%ಕ್ಕೆ ಇಳಿದಿದ್ದರು. ಫಿಸಿಯೋದವರು 91%, ಏನೂ ಮಾಡಿಸದೆ ಕಾದವರು 83%.

ನನ್ನ ಮೊಣಕೈಯ ಕಥೆಯನ್ನೇ ಯಾರೋ ಅಂಕಿಯಲ್ಲಿ ಬರೆದಿಟ್ಟಿದ್ದರು. ಅದೂ ನನಗೆ ಚುಚ್ಚುವುದಕ್ಕೆ ಎಷ್ಟೋ ವರ್ಷ ಮುಂಚೆ.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಇನ್ನೂ ಬಿಗಿಯಾದ ಪರೀಕ್ಷೆ ಮಾಡಿದರು, 2013ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಬಂತು. 165 ಜನ. ಅರ್ಧ ಜನಕ್ಕೆ ಸ್ಟೆರಾಯ್ಡ್, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್, ಯಾರಿಗೆ ಏನು ಅಂತ ರೋಗಿಗೆ ಗೊತ್ತಿಲ್ಲ. ವರ್ಷದ ಮೇಲೆ ಪೂರ್ತಿ ವಾಸಿಯಾದವರು ಅಥವಾ ತುಂಬಾ ಸುಧಾರಿಸಿದವರು ಸ್ಟೆರಾಯ್ಡ್ ಕಡೆ 83%, ಉಪ್ಪುನೀರಿನ ಕಡೆ 96%. ನೋವು ಮರುಕಳಿಸಿದ್ದು ಸ್ಟೆರಾಯ್ಡ್ ಕಡೆ 54% ಜನಕ್ಕೆ, ಉಪ್ಪುನೀರಿನ ಕಡೆ 12% ಜನಕ್ಕೆ. ಎರಡೂ ಕಡೆ ಅರ್ಧ ಜನಕ್ಕೆ ಫಿಸಿಯೋ ಕೂಡ ಕೊಟ್ಟಿದ್ದರು. ಇಂಜೆಕ್ಷನ್ ಜೊತೆ ಫಿಸಿಯೋ ಮಾಡಿಸಿದರೆ ಎರಡರ ಲಾಭವೂ ಸಿಗುತ್ತದೆ ಅಂತ ಬಹಳ ಡಾಕ್ಟ್ರು ಹೇಳುತ್ತಾರೆ. ಆ ಅಧ್ಯಯನದಲ್ಲಿ ಹಾಗಾಗಲಿಲ್ಲ. ಸ್ಟೆರಾಯ್ಡ್ ತೆಗೆದುಕೊಂಡವರಿಗೆ ವರ್ಷದ ಕೊನೆಯಲ್ಲಿ ಫಿಸಿಯೋದಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ.

ಇಷ್ಟೆಲ್ಲಾ ಗೊತ್ತಿದ್ದೂ ಈ ಇಂಜೆಕ್ಷನ್ ಇನ್ನೂ ಯಾಕೆ ಇಷ್ಟು ನಡೆಯುತ್ತಿದೆ ಅಂತ ನಾನು ಬಹಳ ಯೋಚಿಸಿದ್ದೇನೆ. ಡಾಕ್ಟ್ರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ಹಳ್ಳಿಯಿಂದ ಅರವತ್ತು ಕಿಲೋಮೀಟರ್ ಬಸ್ಸಲ್ಲಿ ಬಂದವರಿಗೆ "ವ್ಯಾಯಾಮ ಮಾಡಿ, ಮೂರು ತಿಂಗಳು ಬೇಕು" ಅಂದರೆ, ಈ ಡಾಕ್ಟ್ರಿಗೆ ಏನೂ ಗೊತ್ತಿಲ್ಲ ಅಂತ ಪಕ್ಕದ ಕ್ಲಿನಿಕ್‌ಗೆ ಹೋಗುತ್ತಾರೆ. ಇಂಜೆಕ್ಷನ್ ಅಗ್ಗ, ಔಷಧಿಗೆ ನೂರಾರು ರೂಪಾಯಿ ಅಷ್ಟೇ. ಫಲ ಬೇಗ ಕಾಣುತ್ತದೆ. ಒಂದೂವರೆ ತಿಂಗಳಿಗೆ ಯಾರನ್ನು ಕೇಳಿದರೂ "ಆ ಡಾಕ್ಟ್ರ ಕೈಗುಣ ಒಳ್ಳೇದು" ಅನ್ನುತ್ತಾರೆ. ನೋವು ವಾಪಸ್ ಬಂದಾಗ ಅದು ಇಂಜೆಕ್ಷನ್ ದೆಸೆಯಿಂದ ಅಂತ ಯಾರಿಗೂ ಹೊಳೆಯುವುದಿಲ್ಲ. ಕೆಲಸ ಜಾಸ್ತಿಯಾಯ್ತು, ಥಂಡಿ ಹಿಡೀತು, ವಯಸ್ಸಾಯ್ತು ಅಂದುಕೊಳ್ಳುತ್ತಾರೆ. ಆದರೂ ರೋಗಿಗೆ ಎರಡು ಮಾತು ಹೇಳಲು ಎಷ್ಟು ಹೊತ್ತು ಬೇಕು? "ಈಗ ಕಡಿಮೆಯಾಗುತ್ತೆ, ಮತ್ತೆ ಬರಬಹುದು, ನಿಧಾನದ ದಾರಿ ಇನ್ನೊಂದಿದೆ" ಅಂದರೆ ಸಾಕಲ್ಲ. ಆಮೇಲೆ ತೀರ್ಮಾನ ನಮ್ಮದು.

ಅಡ್ಡ ಪರಿಣಾಮದ ಬಗ್ಗೆಯೂ ಹೇಳಬೇಕು. ನಮ್ಮೂರಲ್ಲೇ ಒಬ್ಬರಿಗೆ ಇಂಜೆಕ್ಷನ್ ಹಾಕಿದ ಜಾಗದಲ್ಲಿ ರೂಪಾಯಿ ಬಿಲ್ಲೆಯಷ್ಟು ಅಗಲಕ್ಕೆ ಚರ್ಮ ಬಿಳಿಚಿಕೊಂಡಿದೆ, ಮುಟ್ಟಿದರೆ ಸ್ವಲ್ಪ ತಗ್ಗಾಗಿದೆ. ತೊನ್ನು ಅಂತ ಹೆದರಿ ಚರ್ಮದ ಡಾಕ್ಟ್ರ ಹತ್ತಿರ ಹೋಗಿದ್ದರು. ಸ್ಟೆರಾಯ್ಡ್ ಚರ್ಮಕ್ಕೆ ತೀರಾ ಹತ್ತಿರ ಇಳಿದರೆ ಹೀಗೆ ಬಣ್ಣ ಹೋಗುತ್ತದೆ, ಚರ್ಮದ ಕೆಳಗಿನ ಕೊಬ್ಬು ಕರಗುತ್ತದೆ. ನಮ್ಮ ಬಣ್ಣದ ಮೈಗೆ ಅದು ಎದ್ದು ಕಾಣುತ್ತದೆ. ಎಷ್ಟೋ ಜನಕ್ಕೆ ತಿಂಗಳುಗಳ ಮೇಲೆ ತಾನಾಗಿ ಬಣ್ಣ ಬರುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ. ನನಗೆ ಚುಚ್ಚುವ ಮುಂಚೆ ಶುಗರ್ ಇದೆಯಾ ಅಂತ ಕೂಡ ಕೇಳಿರಲಿಲ್ಲ. ನನಗಿಲ್ಲ, ಸರಿ. ಇದ್ದವರ ಗತಿ? ಪದೇ ಪದೇ ಹಾಕಿಸಿಕೊಂಡರೆ ಟೆಂಡನ್ ದುರ್ಬಲವಾಗಿ ಹರಿಯುವ ಅಪಾಯವೂ ಇದೆ. ಮೂರು ನಾಲ್ಕು ಸಲ ಹಾಕಿಸಿಕೊಂಡವರನ್ನು ನಾನೇ ಮಾತಾಡಿಸಿದ್ದೇನೆ. ಪ್ರತಿ ಸಲವೂ ಆರಾಮದ ದಿನಗಳು ಕಡಿಮೆಯಾಗುತ್ತಾ ಬಂದವು ಅಂತಲೇ ಅವರೂ ಹೇಳಿದ್ದು.

ಹಾಗಾದರೆ ಸ್ಟೆರಾಯ್ಡ್ ಯಾರೂ ಹಾಕಿಸಿಕೊಳ್ಳಲೇಬಾರದಾ? ಹಾಗೆ ಹೇಳುವುದಿಲ್ಲ. ರಾತ್ರಿ ನಿದ್ದೆಯೇ ಬರದಷ್ಟು ನೋವಿದ್ದರೆ, ಬೇರೆ ಯಾವುದಕ್ಕೂ ಬಗ್ಗದಿದ್ದರೆ, ಮುಂದೇನಾಗಬಹುದು ಅಂತ ಗೊತ್ತಿದ್ದುಕೊಂಡು ಒಂದು ಸಲ ಹಾಕಿಸಿಕೊಳ್ಳುವುದು ಅವರವರ ಇಷ್ಟ. ಆದರೆ ಆ ಆರಾಮದ ವಾರಗಳಲ್ಲಿ ಕೈಗೆ ದುಪ್ಪಟ್ಟು ಕೆಲಸ ಕೊಡಬಾರದು. ನೋವು ಹೋಗಿರುತ್ತದೆ, ಸವೆದದ್ದು ಸವೆದೇ ಇರುತ್ತದೆ. ಸುಲಿತ ಮುಗಿಸಲಿಕ್ಕೆ ಅಂತ ಇಂಜೆಕ್ಷನ್ ಹಾಕಿಸಿಕೊಳ್ಳುವ ನಮ್ಮ ಕಡೆಯ ರೂಢಿ ಇದೆಯಲ್ಲ, ಅದಕ್ಕೆ ಮಾತ್ರ ನಾನು ಖಂಡಿತ ಬೇಡ ಅನ್ನುತ್ತೇನೆ.

ಈಗ ಪಿಆರ್‌ಪಿ ವಿಷಯ. ಇತ್ತೀಚೆಗೆ ಎಲ್ಲಿ ಹೋದರೂ ಇದರ ಮಾತೇ. ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ ಅಂತ. ನಮ್ಮ ಅಕ್ಕ ಸಾಗರದಲ್ಲಿ ಟೈಲರಿಂಗ್ ಮಾಡುತ್ತಾಳೆ, ಕತ್ತರಿ ಹಿಡಿದೂ ಹಿಡಿದೂ ಅವಳಿಗೂ ಇದೇ ನೋವು ಬಂತು, ಅವಳು ಇದನ್ನು ಮಾಡಿಸಿದಳು. ಜೊತೆಗೆ ಹೋಗಿದ್ದು ನಾನೇ, ಹಾಗಾಗಿ ನೋಡಿದ್ದನ್ನು ಬರೆಯಬಲ್ಲೆ. ಮೊದಲು ತೋಳಿನಿಂದ ರಕ್ತ ತೆಗೆದರು. ಆ ಟ್ಯೂಬನ್ನು ಸೆಂಟ್ರಿಫ್ಯೂಜ್ ಮಷೀನಿಗೆ ಹಾಕಿ ಗಿರಗಿರ ತಿರುಗಿಸಿದರು. ಹೊರಗೆ ತೆಗೆದಾಗ ಕೆಳಗೆ ದಪ್ಪಗೆ ಕೆಂಪು, ಮೇಲೆ ಜೇನುಬಣ್ಣದ ತಿಳಿ, ನಡುವೆ ತೆಳ್ಳನೆಯ ಬಿಳಿ ಪದರ. ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಸಿರಿಂಜಿಗೆ ಎಳೆದುಕೊಂಡು, ಅಲ್ಟ್ರಾಸೌಂಡ್‌ನಲ್ಲಿ ಟೆಂಡನ್ ನೋಡಿಕೊಂಡು ಒಂದೇ ತೂತಿನಿಂದ ಸೂಜಿಯನ್ನು ಅಲ್ಲಲ್ಲಿ ಆಡಿಸುತ್ತಾ ಹಾಕಿದರು. ಅಕ್ಕನ ಕಣ್ಣಲ್ಲಿ ನೀರು ಬಂತು. ಸ್ಟೆರಾಯ್ಡ್‌ಗಿಂತ ಇದರ ನೋವು ಜಾಸ್ತಿ, ಕೆಲವು ದಿನ ಇರುತ್ತದೆ, ಅದಕ್ಕೆ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ನಂಥ ಮಾತ್ರೆ ನುಂಗುವಂತಿಲ್ಲ ಅಂದರು. ಪ್ಲೇಟ್‌ಲೆಟ್‌ನ ಕೆಲಸಕ್ಕೆ ಅವು ಅಡ್ಡಿ ಅನ್ನುವುದು ಕಾರಣ. ಪ್ಯಾರಸಿಟಮಾಲ್ ಮಾತ್ರ. ದುಡ್ಡು ಸಾವಿರಗಳ ಲೆಕ್ಕದಲ್ಲಿ ಹೋಯಿತು.

ಆ ಕ್ಲಿನಿಕ್‌ನವರು ಮಾತ್ರ ಚೆನ್ನಾಗಿ ನಡೆಸಿಕೊಂಡರು. ಏನು ಮಾಡುತ್ತೇವೆ, ಎಷ್ಟು ದಿನ ನೋಯುತ್ತದೆ, ಯಾವಾಗ ಹೊಲಿಗೆಗೆ ಕೂರಬಹುದು ಅಂತ ಒಂದೊಂದನ್ನೂ ಹೇಳಿದರು. ಬೇಗ ವಾಸಿಯಾಗುತ್ತದೆ ಅಂತ ಆಸೆ ಹುಟ್ಟಿಸಲಿಲ್ಲ, ಎರಡು ಮೂರು ತಿಂಗಳು ಕಾಯಬೇಕು ಅಂದರು. ಹಾಗೇ ಆಯಿತು. ಅಕ್ಕನ ನೋವು ನಿಧಾನವಾಗಿ ಇಳಿಯಿತು, ಈಗ ಪೂರ್ತಿ ದಿನ ಹೊಲಿಯುತ್ತಾಳೆ. "ನಂಗೆ ಪಿಆರ್‌ಪಿಯಿಂದಲೇ ವಾಸಿಯಾಗಿದ್ದು ಮಾರಾಯ, ನೀನು ಏನಾದ್ರೂ ಹೇಳು" ಅನ್ನುತ್ತಾಳೆ.

ಅವಳಿಗೆ ವಾಸಿಯಾಗಿದ್ದು ನನಗೂ ಸಂತೋಷ. ಆದರೆ ಅದು ಪಿಆರ್‌ಪಿಯಿಂದಲೇ ಅಂತ ನಾನು ಒಪ್ಪುವುದಿಲ್ಲ, ಇದನ್ನು ಅವಳಿಗೂ ಹೇಳಿದ್ದೇನೆ. ಇಂಜೆಕ್ಷನ್ ಆದ ಮೇಲೆ ಅವಳು ವಾರಗಟ್ಟಲೆ ಕತ್ತರಿ ಮುಟ್ಟಲಿಲ್ಲ, ಫಿಸಿಯೋ ಹೇಳಿದ ವ್ಯಾಯಾಮ ಬಿಡದೆ ಮಾಡಿದಳು, ಜೊತೆಗೆ ತಿಂಗಳುಗಳು ಕಳೆದವು. ಈ ಮೂರರಿಂದಲೂ ಟೆನಿಸ್ ಎಲ್ಬೋ ವಾಸಿಯಾಗುತ್ತದೆ. ಸಂಶೋಧನೆಯಲ್ಲೂ ಇದೇ ಗೊಂದಲ ಇತ್ತು. 2010ರಲ್ಲಿ ನೆದರ್ಲೆಂಡ್ಸ್‌ನವರು 100 ರೋಗಿಗಳಲ್ಲಿ ಪಿಆರ್‌ಪಿ ಮತ್ತು ಸ್ಟೆರಾಯ್ಡ್ ಹೋಲಿಸಿ ನೋಡಿದರು. ವರ್ಷದ ಕೊನೆಗೆ ಪಿಆರ್‌ಪಿಯವರಲ್ಲಿ 73% ಜನಕ್ಕೆ ಗುಣ, ಸ್ಟೆರಾಯ್ಡ್‌ನವರಲ್ಲಿ 49% ಜನಕ್ಕೆ. ಪಿಆರ್‌ಪಿಗೆ ಹೆಸರು ಬಂದಿದ್ದಕ್ಕೆ ಇಂಥ ಫಲಿತಾಂಶಗಳೇ ಕಾರಣ. ಆದರೆ ಹೋಲಿಸಿದ್ದು ಯಾವುದರ ಜೊತೆ ಅಂತ ನೋಡಿ. ವರ್ಷದ ಕೊನೆಗೆ ಸುಮ್ನೆ ಇದ್ದವರಿಗಿಂತಲೂ ಹಿಂದೆ ಬೀಳುವ ಸ್ಟೆರಾಯ್ಡ್ ಜೊತೆ. ಅದರ ಎದುರು ನಿಲ್ಲಿಸಿದರೆ ಯಾವುದು ಬೇಕಾದರೂ ಚೆನ್ನಾಗಿ ಕಾಣುತ್ತದೆ. ಉಪ್ಪುನೀರಿನ ಇಂಜೆಕ್ಷನ್ ಎದುರು ನಿಲ್ಲಿಸಿದಾಗ ಪಿಆರ್‌ಪಿಯ ಮೇಲುಗೈ ಹೋಯಿತು. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಹಾಗೆ ಮಾಡಿದ ಅಧ್ಯಯನದಲ್ಲಿ ಮೂರು ತಿಂಗಳಿಗೆ ನೋವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಎಲ್ಲಾ ಅಧ್ಯಯನಗಳನ್ನು ಒಟ್ಟು ಹಾಕಿ ನೋಡುವ ಕೊಕ್ರೇನ್ ಸಂಸ್ಥೆ 2021ರಲ್ಲಿ 32 ಅಧ್ಯಯನ, 2,337 ರೋಗಿಗಳ ಲೆಕ್ಕ ತೆಗೆದು, ರೋಗಿಯ ಸ್ವಂತ ರಕ್ತದ ಇಂಜೆಕ್ಷನ್ ಅಥವಾ ಪಿಆರ್‌ಪಿಯಿಂದ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಅಂತ ಹೇಳಿತು.

ಪಿಆರ್‌ಪಿಯಿಂದ ಸ್ಟೆರಾಯ್ಡ್‌ನಷ್ಟು ಕೆಡುಕು ಕಂಡಿಲ್ಲ, ಅದು ನಿಜ. ನಮ್ಮದೇ ರಕ್ತ, ಅಲರ್ಜಿಯ ಭಯ ಕಡಿಮೆ. ದುಡ್ಡಿದ್ದವರು, ಆರು ತಿಂಗಳು ವ್ಯಾಯಾಮ ಮಾಡಿಯೂ ಗುಣ ಕಾಣದವರು, ಆಪರೇಷನ್‌ಗೆ ಮುಂಚೆ ಒಂದು ಸಲ ನೋಡೋಣ ಅಂದರೆ ನಾನು ತಡೆಯುವುದಿಲ್ಲ. ಸಾಲ ಮಾಡಿ ಮಾಡಿಸುವವರನ್ನು ಮಾತ್ರ ತಡೆಯುತ್ತೇನೆ. ಅಡಿಕೆ ಮಾರಿದ ದುಡ್ಡಿನ ಒಂದು ಪಾಲು ಇದಕ್ಕೆ ಹೋಗಬೇಕಾಗಿಲ್ಲ.

ಸ್ನಾಯುವನ್ನು ಸಡಿಲ ಮಾಡುವ ಬೊಟಾಕ್ಸ್ ಕೂಡ ಹಾಕುತ್ತಾರೆ. ಅದರಿಂದ ಬೆರಳು ಎತ್ತಲು ಬಾರದ ಹಾಗೆ ಸೋತುಹೋಗಬಹುದು, ತಿಂಗಳುಗಟ್ಟಲೆ. ಕೈಯಲ್ಲಿ ದುಡಿಯುವವರಿಗೆ ಅದು ಬೇಡವೇ ಬೇಡ. ಗ್ಲೂಕೋಸ್ ನೀರಿನ ಇಂಜೆಕ್ಷನ್, ಪ್ರೊಲೊಥೆರಪಿ ಅಂತಾರೆ, ಅದರ ಮೇಲಿನ ಅಧ್ಯಯನಗಳು ಸಣ್ಣವು, ಅದನ್ನು ನಂಬಿ ದುಡ್ಡು ಹಾಕುವಷ್ಟು ಧೈರ್ಯ ನನಗಿಲ್ಲ.

ನನಗೆ ಕೈ ಹಿಡಿದಿದ್ದು ವ್ಯಾಯಾಮ. ಎರಡನೇ ಡಾಕ್ಟ್ರು ಕಳಿಸಿದ ಫಿಸಿಯೋ ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದಕ್ಕೆ ಮಷೀನು ಬೇಡ, ದುಡ್ಡು ಬೇಡ. ಮೇಜಿನ ಮೇಲೆ ಮುಂಗೈ ಚಾಚಿ ಇಡಿ, ಅಂಗೈ ಕೆಳಗೆ ಮಾಡಿ, ಮಣಿಕಟ್ಟು ಮೇಜಿನ ಅಂಚಿನಿಂದ ಹೊರಗಿರಲಿ. ಕೈಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ. ಆಮೇಲೆ ಆ ಕೈ ಬಿಟ್ಟು, ನೋವಿರುವ ಕೈಯಿಂದಲೇ ಬಾಟಲಿಯನ್ನು ನಿಧಾನವಾಗಿ ಕೆಳಗಿಳಿಸಿ. ನಿಧಾನ ಅಂದರೆ ನಿಜಕ್ಕೂ ನಿಧಾನ, ಐದು ಎಣಿಸುವಷ್ಟು. ಹದಿನೈದು ಸಲ ಮಾಡಿ ನಿಲ್ಲಿಸಿ, ಮತ್ತೆ ಹದಿನೈದು, ಮತ್ತೆ ಹದಿನೈದು. ತೀರಾ ನೋವಿದ್ದ ಶುರುವಿನಲ್ಲಿ ನನಗೆ ಇದೂ ಆಗಲಿಲ್ಲ, ಆಗ ಬಾಟಲಿ ಹಿಡಿದು ಅಲುಗಾಡಿಸದೆ ಅರ್ಧ ನಿಮಿಷ ಹಾಗೇ ಇರಿಸಿಕೊಳ್ಳಿ ಅಂದರು, ಅದು ಆಯಿತು. ಆಮೇಲೆ ಭಾರ ಮೆಲ್ಲಗೆ ಏರಿಸಿದೆ. ಒಂದು ಲೀಟರ್ ಬಾಟಲಿ, ಆಮೇಲೆ ಬಟ್ಟೆ ಚೀಲದಲ್ಲಿ ಅಕ್ಕಿ.

ಮಾಡುವಾಗ ಸ್ವಲ್ಪ ನೋಯುತ್ತದೆ. ಅದಕ್ಕೇ ಬಹಳ ಜನ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಫಿಸಿಯೋ ಹೇಳಿದ ಅಳತೆ ನನಗೆ ತುಂಬಾ ಉಪಯೋಗಕ್ಕೆ ಬಂತು: ಹತ್ತರಲ್ಲಿ ನಾಲ್ಕರಷ್ಟು ನೋವಿದ್ದರೆ ಮುಂದುವರಿಸಿ, ಮಾರನೇ ದಿನ ಬೆಳಿಗ್ಗೆ ನೋವು ಏರಿದ್ದರೆ ಭಾರ ಇಳಿಸಿ. ಪೂರ್ತಿ ವಿಶ್ರಾಂತಿ ಕೊಟ್ಟರೂ ಟೆಂಡನ್ ಗಟ್ಟಿಯಾಗುವುದಿಲ್ಲ, ಅದಕ್ಕೆ ಹದವಾದ ಎಳೆತ ಬೇಕು. ಮೊದಲ ತಿಂಗಳು ನನಗೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆಮೇಲೆ ಒಂದು ದಿನ ಬಚ್ಚಲುಮನೆಯಲ್ಲಿ ಹಂಡೆಗೆ ನೀರು ಹೊಯ್ದು ಹೊರಗೆ ಬಂದ ಮೇಲೆ ಗಮನಕ್ಕೆ ಬಂತು, ಕೊಡ ಎತ್ತಿದ್ದು ಬಲಗೈಯಲ್ಲಿ.

ಕ್ಲಿನಿಕ್‌ಗೆ ಹೋಗಲೇಬೇಡಿ ಅಂತ ಇದರ ಅರ್ಥ ಅಲ್ಲ. ಹೋಗಿ, ತೋರಿಸಿ. ಮೊಣಕೈಯ ಹೊರಗಡೆ ನೋಯುವುದೆಲ್ಲಾ ಟೆನಿಸ್ ಎಲ್ಬೋ ಆಗಬೇಕೆಂದಿಲ್ಲ. ಕುತ್ತಿಗೆಯ ನರ ಒತ್ತಿದರೂ ಅಲ್ಲಿ ನೋವು ಬರುತ್ತದೆ, ಆಗ ಬೆರಳು ಜೋಮು ಹಿಡಿಯುವುದು, ಕುತ್ತಿಗೆ ತಿರುಗಿಸಿದರೆ ನೋವು ಓಡುವುದು ಇರುತ್ತದೆ. ಗಂಟು ಊದಿಕೊಂಡು ಬಿಸಿಯಾಗಿದ್ದರೆ, ಜ್ವರ ಇದ್ದರೆ, ಕೈ ಪೂರ್ತಿ ಚಾಚಲು ಬರದಿದ್ದರೆ ತಡ ಮಾಡಬೇಡಿ. ಖಾಸಗಿಗೆ ದುಡ್ಡಿಲ್ಲದಿದ್ದರೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಇದೆ. ಎಲ್ಲಿಗೆ ಹೋದರೂ ಸಿರಿಂಜಿನಲ್ಲಿ ಏನಿದೆ ಅಂತ ಕೇಳಿ, ಸ್ಟೆರಾಯ್ಡಾ ಅಲ್ವಾ ಅಂತ ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಹೆಸರು ಬರೆಸಿಕೊಳ್ಳಿ. ಮುಂದೆ ಬೇರೆ ಡಾಕ್ಟ್ರಿಗೆ ತೋರಿಸುವಾಗ ಅದು ಬೇಕಾಗುತ್ತದೆ. ನಾನು ಎರಡನೇ ಡಾಕ್ಟ್ರ ಹತ್ತಿರ ಹೋದಾಗ ನನ್ನ ಚೀಟಿಯಲ್ಲಿ ಬರೀ ಇಂಜೆಕ್ಷನ್ ಅಂತ ಇತ್ತು, ಯಾವುದು, ಎಷ್ಟು ಅಂತ ಇರಲಿಲ್ಲ.

ಸಚಿನ್ ತೆಂಡೂಲ್ಕರ್‌ಗೆ ಇದೇ ಆಗಿ 2005ರಲ್ಲಿ ಲಂಡನ್‌ನಲ್ಲಿ ಆಪರೇಷನ್ ಆಯ್ತಲ್ಲ, ನಮಗೂ ಬೇಕಾಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಬೇಕಾಗುವವರು ತೀರಾ ಕಡಿಮೆ. ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ಒಂದು ವರ್ಷ, ಸ್ವಲ್ಪ ಹೆಚ್ಚು ಕಡಿಮೆ, ಅಷ್ಟರಲ್ಲಿ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ.

ಸುಲಿತದ ಮನೆಗಳವರಿಗೆ ಒಂದು ಮಾತು. ಮೊಣಕೈಗೆ ಕಟ್ಟುವ ಪಟ್ಟಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದನ್ನು ನೋಯುವ ಉಬ್ಬಿನ ಮೇಲೆ ಕಟ್ಟಬಾರದು, ಎರಡು ಬೆರಳು ಕೆಳಗೆ, ಮುಂಗೈಯ ದಪ್ಪ ಮಾಂಸದ ಮೇಲೆ ಕಟ್ಟಬೇಕು. ಕೆಲಸದ ಹೊತ್ತಿಗೆ ಮಾತ್ರ, ಮಲಗುವಾಗ ಬಿಚ್ಚಿ. ವ್ಯಾಯಾಮವನ್ನು ಮಳೆಗಾಲದಲ್ಲೇ ಶುರು ಮಾಡಿ, ಕೊನೆ ಕೆಳಗಿಳಿದ ಮೇಲೆ ಶುರು ಮಾಡಿದರೆ ಟೆಂಡನ್‌ಗೆ ಸಮಯ ಸಾಲುವುದಿಲ್ಲ. ನೋವಿರುವವರನ್ನು ಆ ವರ್ಷ ಕತ್ತಿಯಿಂದ ಎಬ್ಬಿಸಿ ಅಂಗಳದಲ್ಲಿ ಅಡಿಕೆ ಹರಡುವುದಕ್ಕೆ, ಆರಿಸುವುದಕ್ಕೆ ಹಾಕಿ, ಸುಲಿಯಲು ಮಷೀನು ಬಾಡಿಗೆಗೆ ತನ್ನಿ. ನಮ್ಮ ಮನೆಯಲ್ಲಿ ಈಗ ಹಾಗೇ ಮಾಡುತ್ತಿದ್ದೇವೆ.